ಗೋಡೆ ದಾಟುವ ಸದ್ದು

ಮಸ್ಕತ್ತಿನಲ್ಲಿ ವಾರದ ಕೆಲಸಕ್ಕೆ ಬೀಗ ಬೀಳುವುದು ಗುರುವಾರ ಸಂಜೆ. ಅಂಥ ಒಂದು ಗುರುವಾರ, ಕಳೆದ ಚಳಿಗಾಲದಲ್ಲಿ, ರಾತ್ರಿ ಹತ್ತೂವರೆ ಹೊತ್ತಿಗೆ ಘಲಾದ ಕೈಗಾರಿಕಾ ಪ್ರದೇಶದ ಒಂದು ಗೋದಾಮಿನೆದುರು ನಾನು ಸಾಲಿನಲ್ಲಿ ನಿಂತಿದ್ದೆ. ಈ ಊರಿನ ಗೋದಾಮುಗಳಲ್ಲೇ ನನ್ನ 22 ವರ್ಷ ಕಳೆದಿದೆ. ಸ್ಟೋರ್‌ಕೀಪರನಾಗಿ ಬಂದವನು ಈಗ ಒಂದು ಕಂಪನಿಯ ಗೋದಾಮಿನ ಉಸ್ತುವಾರಿ ನೋಡಿಕೊಳ್ಳುತ್ತೇನೆ. ದುಡ್ಡು ಕೊಟ್ಟು ಗೋದಾಮಿನೊಳಗೆ ಹೋದದ್ದು ಮಾತ್ರ ಅದೇ ಮೊದಲು. ಅಂದಿನ ಡಿಜೆ ಕುಣಿತಕ್ಕೆ ಟಿಕೆಟ್ 15 ರಿಯಾಲ್. ಊರಿನ ಲೆಕ್ಕದಲ್ಲಿ ಮೂರು ಸಾವಿರದ ಮೇಲಾಯಿತು. ಕರೆದುಕೊಂಡು ಹೋದವನು ಅಕ್ಕನ ಮಗ. "ಮಾವ, ನೀವು ಮನೆಯಲ್ಲಿ ಕೂತು ಬೈತಾ ಇರ್ತೀರಿ. ಒಂದು ಸಲ ಒಳಗೆ ಬಂದು ಕೇಳಿ, ಆಮೇಲೆ ಬೇಕಾದಷ್ಟು ಬೈಯಿರಿ" ಅಂದಿದ್ದ. ನ್ಯಾಯದ ಮಾತು, ಒಪ್ಪಿದೆ.

ಒಳಗೆ ಹೋದ ಕೂಡಲೇ ನನ್ನ ಕಣ್ಣು ಹೋದದ್ದು ನೆಲಕ್ಕೆ. ರ‍್ಯಾಕುಗಳನ್ನೆಲ್ಲ ಬಿಚ್ಚಿ ಒಂದು ಬದಿಗೆ ಒಟ್ಟಿದ್ದರು. ಆದರೆ ಎಪಾಕ್ಸಿ ನೆಲದ ಮೇಲೆ ಫೋರ್ಕ್‌ಲಿಫ್ಟ್ ಓಡಾಡುವ ದಾರಿಯ ಹಳದಿ ಗೆರೆಗಳು ಹಾಗೇ ಇದ್ದವು. ಕಂಬಗಳ ಮೇಲೆ ಎ-4, ಎ-5 ಎಂಬ ಅಂಕಣದ ಸಂಖ್ಯೆಗಳೂ ಇದ್ದವು. ಐನೂರು ಆರುನೂರು ಹುಡುಗ ಹುಡುಗಿಯರು ಆ ಹಳದಿ ಗೆರೆಗಳ ನಡುವೆ ಕುಣಿಯಲು ಕಾಯುತ್ತಿದ್ದರು. ಕಣ್ಣು ಎರಡನೆಯದಾಗಿ ಹೋದದ್ದು ಹಿಂಬಾಗಿಲಿಗೆ. ಬೆಂಕಿ ಬಿದ್ದರೆ ಓಡಬೇಕಾದ ಆ ಬಾಗಿಲಿಗೆ ಅಡ್ಡವಾಗಿ ಸ್ಪೀಕರುಗಳ ಖಾಲಿ ಪೆಟ್ಟಿಗೆಗಳನ್ನು ಪೇರಿಸಿಟ್ಟಿದ್ದರು. ಅಳಿಯನನ್ನು ಓಡಿಸಿ ಸಂಘಟಕರನ್ನು ಹುಡುಕಿಸಿದೆ. ಹತ್ತು ನಿಮಿಷದಲ್ಲಿ ಪೆಟ್ಟಿಗೆಗಳು ಹೋದವು, ಸಂಘಟಕ ಹುಡುಗ ನನಗೆ ಎರಡು ಸಲ ಥ್ಯಾಂಕ್ಸ್ ಹೇಳಿದ. 2016ರ ಡಿಸೆಂಬರ್ 2ರ ರಾತ್ರಿ ಅಮೆರಿಕದ ಓಕ್ಲೆಂಡಿನಲ್ಲಿ 'ಘೋಸ್ಟ್ ಶಿಪ್' ಎಂಬ ಗೋದಾಮಿಗೆ ಬೆಂಕಿ ಬಿದ್ದು, ಇಂಥದೇ ಸಂಗೀತ ಕೇಳಲು ಬಂದಿದ್ದವರಲ್ಲಿ 36 ಜನ ಸತ್ತಿದ್ದರು. ಗೋದಾಮಿನ ಕೆಲಸದವನಿಗೆ ಇಂಥವು ಮರೆಯುವುದಿಲ್ಲ.

ಅಂದು ನುಡಿಸಿದವರು ಇಬ್ಬರು: ಬೈರೂತಿನ ಒಬ್ಬ ಹೆಣ್ಣುಮಗಳು, ಬರ್ಲಿನಿನಿಂದ ಬಂದ ಒಬ್ಬ. ನಿನ್ನೆ ಇನ್ನೊಂದು ಊರು, ನಾಳೆ ಮತ್ತೊಂದು. ನಮ್ಮ ಯಕ್ಷಗಾನ ಮೇಳಗಳ ತಿರುಗಾಟವೇ, ಲಾರಿಯ ಬದಲು ವಿಮಾನ ಅಷ್ಟೆ. ಡಿಜೆ ಎಂದರೆ ಬೇರೆಯವರ ಹಾಡಿನ ಗುಂಡಿ ಒತ್ತಿ ಕೈ ಮೇಲೆತ್ತುವವನು ಎಂದು ನಾನೂ ನಂಬಿದ್ದೆ. ವೇದಿಕೆ ಎತ್ತರವಿರಲಿಲ್ಲ, ಬದಿಯಲ್ಲಿ ನಿಂತು ಅವಳ ಕೈಯನ್ನೇ ಒಂದು ಗಂಟೆ ನೋಡಿದೆ. ಎದುರಿಗೆ ಎರಡು ಪ್ಲೇಯರ್, ನಡುವೆ ಮಿಕ್ಸರ್. ಒಂದರಲ್ಲಿ ಜನ ಕೇಳುತ್ತಿರುವ ಹಾಡು, ನಿಮಿಷಕ್ಕೆ 124 ಪೆಟ್ಟು. ಇನ್ನೊಂದರಲ್ಲಿ ಮುಂದಿನದು, 127. ಹೆಡ್‌ಫೋನಿನ ಒಂದು ಕಿವಿಯಲ್ಲಿ ಬರಲಿರುವ ಹಾಡು, ಬಿಟ್ಟ ಕಿವಿಯಲ್ಲಿ ನಡೆಯುತ್ತಿರುವ ಹಾಡು. ಒಂದು ಸಣ್ಣ ಪಟ್ಟಿಯನ್ನು ಕೂದಲೆಳೆಯಷ್ಟು ಸರಿಸುತ್ತ ಎರಡರ ವೇಗವನ್ನೂ ಒಂದು ಮಾಡುತ್ತಾಳೆ. 32 ಪೆಟ್ಟಿಗೆ ಒಂದು ಸುತ್ತು ಮುಗಿಯುವುದನ್ನು ಕಾಯುತ್ತಾಳೆ. ಮುಗಿದ ಕ್ಷಣಕ್ಕೆ ಸರಿಯಾಗಿ ಹಳೆಯದರ ತಗ್ಗು ದನಿಯನ್ನು ಎಡಗೈಯಲ್ಲಿ ಇಳಿಸಿ ಹೊಸದರ ತಗ್ಗು ದನಿಯನ್ನು ಬಲಗೈಯಲ್ಲಿ ಏರಿಸುತ್ತಾಳೆ. ಎರಡು ಚಂಡೆ ಒಟ್ಟಿಗೆ ಬಡಿದರೆ ಕಲಸುಮೇಲೋಗರವಾಗುತ್ತದಲ್ಲ, ಅದಾಗಬಾರದು. ಹಾಡು ಬದಲಾದದ್ದು ಕುಣಿಯುವವರ ತಲೆಗೆ ಗೊತ್ತಾಗುವುದಿಲ್ಲ, ಕಾಲಿಗೆ ಗೊತ್ತಾಗುತ್ತದೆ. ನಡುನಡುವೆ ತಲೆಯೆತ್ತಿ ಜನರನ್ನು ಅಳೆಯುತ್ತಿದ್ದಳು. ಹಿಂದಿನ ಸಾಲಿನವರು ಫೋನು ತೆಗೆದರೆ ಮುಂದಿನ ಹಾಡು ಬೇರೆ. ಆಟದ ಬಯಲಿನಲ್ಲಿ ಎರಡು ಗಂಟೆಯ ತೂಕಡಿಕೆಯನ್ನು ಕಂಡುಹಿಡಿದು ಪದ್ಯ ಎತ್ತರಿಸುವ ಭಾಗವತರನ್ನು ನೋಡಿದವನಿಗೆ ಆ ಕಣ್ಣಿನ ಗುರುತು ಸಿಗದಿರುವುದಿಲ್ಲ.

ಹಾಗಾದರೆ ಇದನ್ನು ಕೇಳಿದವರೆಲ್ಲ "ಬರೀ ಡಬ್ ಡಬ್" ಎನ್ನುವುದೇಕೆ? ಕಾರಣ ನಾನು ತಿಳಿದಷ್ಟು ಗಹನದ್ದಲ್ಲ. ತಗ್ಗು ದನಿಯ ಅಲೆ ಉದ್ದ. ಸೆಕೆಂಡಿಗೆ 50 ಸಲ ಕಂಪಿಸುವ ದನಿಯ ಒಂದು ಅಲೆ ಸುಮಾರು 7 ಮೀಟರ್. ಗೋದಾಮಿನ ತಗಡು ಅದನ್ನು ತಡೆಯುವುದಿಲ್ಲ, ತಾನೇ ನಡುಗಿ ಆಚೆಗೆ ದಾಟಿಸುತ್ತದೆ. ಮೇಲಿನ ದನಿಗಳು, ಅಂದರೆ ರಾಗ, ಮಾತು, ಗಂಟೆಯಂಥ ಸಣ್ಣ ಸದ್ದುಗಳು, ಒಳಗೇ ಉಳಿಯುತ್ತವೆ. ಗೋಡೆಯ ಆಚೆ ನಿಂತವನಿಗೆ ಸಿಗುವುದು ಅಸ್ಥಿಪಂಜರ ಮಾತ್ರ. ಈ ಸಂಗೀತದ ಬಗ್ಗೆ ನಾವು ಹೇಳಿಕೊಂಡು ಬಂದಿರುವ ತೀರ್ಪುಗಳಲ್ಲಿ ಬಹುಪಾಲು ಗೋಡೆಯಾಚೆಗೆ ನಿಂತು ಕೊಟ್ಟವು. ನನ್ನದೂ ಹಾಗೆಯೇ ಇತ್ತು.

ಗೋಡೆಯೊಳಗೆ ಬಂದ ಮೇಲೂ ಉಳಿಯುವ ತಕರಾರು ಒಂದಿದೆ: ಒಂದನ್ನೇ ತಿರುಗಿ ತಿರುಗಿ ನುಡಿಸುವುದು ಎಂಥ ಸಂಗೀತ? ಇದನ್ನು ಒಮಾನಿನಲ್ಲಿ ಕೂತು ಕೇಳುವವರ ಬಗ್ಗೆ ನನಗೆ ಸ್ವಲ್ಪ ಆಶ್ಚರ್ಯ. ಬಾತಿನಾ ಕರಾವಳಿಯ ಕಡೆ, ಜೊತೆಯಲ್ಲಿ ಕೆಲಸ ಮಾಡುವ ಒಬ್ಬನ ತಮ್ಮನ ಮದುವೆಗೆ ಹೋಗಿದ್ದಾಗ ಲೇವಾ ನೋಡಿದ್ದೆ. ಡೋಲುಗಳವರು ನಡುವೆ, ಅದರಲ್ಲೊಂದು ನಿಂತೇ ಬಡಿಯುವಷ್ಟು ಎತ್ತರದ್ದು. ಒಬ್ಬ ತಗಡಿನ ಡಬ್ಬಿಯೊಂದನ್ನು ಕೋಲಿನಿಂದ ಬಿಡದೆ ಕುಟ್ಟುತ್ತಾನೆ. ನಮ್ಮ ಮುಖವೀಣೆಯ ದಾಯಾದಿಯಂಥ ಮಿಝ್ಮಾರ್ ಊದುತ್ತಾರೆ. ಸುತ್ತ ಗಂಡಸರ ವೃತ್ತ, ಎರಡು ಹೆಜ್ಜೆ ಮುಂದೆ, ಒಂದು ಹಿಂದೆ, ಬಗ್ಗಿ, ತಿರುಗಿ, ಮತ್ತೆ ಅದೇ. ಅರ್ಧ ಗಂಟೆ ಏನೂ ಬದಲಾಗುವುದಿಲ್ಲ. ಆಮೇಲೆ, ಯಾರೂ ಹೇಳದೆ, ವೇಗ ಏರಿರುವುದು ಗೊತ್ತಾಗುತ್ತದೆ. ಪದಗಳಲ್ಲಿ ಅರಬ್ಬಿಯ ಜೊತೆ ಸ್ವಾಹಿಲಿ ಬೆರೆತಿರುತ್ತದೆ. ಕುಣಿಯುವವರಿಗೇ ಕೆಲವು ಮಾತಿನ ಅರ್ಥ ಗೊತ್ತಿಲ್ಲ ಅಂದ ನನ್ನ ಸ್ನೇಹಿತ. ಪೂರ್ವ ಆಫ್ರಿಕದಿಂದ ನಾವಿಕರಾಗಿ, ಹೆಚ್ಚಾಗಿ ಗುಲಾಮರಾಗಿ ಬಂದವರು ತಂದ ಕುಣಿತ ಅದು. ಒಮಾನಿನ ದೊರೆ ಸಯ್ಯದ್ ಸಈದ್ 19ನೇ ಶತಮಾನದ ಮೊದಲರ್ಧದಲ್ಲಿ ತನ್ನ ಗದ್ದುಗೆಯನ್ನೇ ಝಾಂಝಿಬಾರಿಗೆ ಒಯ್ದಿದ್ದ. ಆ ದಾರಿಯಲ್ಲಿ ಲವಂಗ, ದಂತ, ಮನುಷ್ಯರು ಎಲ್ಲವೂ ಸರಕಾಗಿ ಓಡಾಡಿದವು. ಈ ದೇಶದಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ಕೊನೆಗೊಂಡದ್ದು 1970ರಲ್ಲಿ, ನಾನು ಹುಟ್ಟುವುದಕ್ಕೆ ಒಂದು ವರ್ಷ ಮೊದಲು.

ಅದೇ ಕಡಲಿನ ಇನ್ನೊಂದು ದಡದಲ್ಲಿ, ನಮ್ಮ ಯಲ್ಲಾಪುರ, ಹಳಿಯಾಳ, ಅಂಕೋಲೆಯ ಕಾಡಿನಂಚಿನ ಸಿದ್ದಿಗಳು ದಮಾಮಿ ಬಡಿದು ಕುಣಿಯುತ್ತಾರೆ. ಅವರ ಹಿರಿಯರಲ್ಲಿ ಬಹಳ ಜನ ಪೋರ್ಚುಗೀಸರ ಗೋವೆಯ ಕಡೆಯಿಂದ ತಪ್ಪಿಸಿಕೊಂಡು ಬಂದವರು. ಲೇವಾ ನೋಡುವಾಗ ನನಗೆ ದಮಾಮಿ ನೆನಪಾಯಿತು, ಗೋದಾಮಿನಲ್ಲಿ ಎರಡೂ ನೆನಪಾದವು. ನೆನಪಾದ ಮಾತ್ರಕ್ಕೆ ಮೂರೂ ಒಂದೇ ಎಂದು ನಾನು ಹೇಳುವುದಿಲ್ಲ. ಆದರೆ ಒಂದೇ ಪೆಟ್ಟನ್ನು ರಾತ್ರಿಯುದ್ದಕ್ಕೂ ಹಿಡಿದಿಟ್ಟು, ದಣಿದ ಮೈಯನ್ನು ದಣಿವಿನಾಚೆಗೆ ದಾಟಿಸುವ ವಿದ್ಯೆ ಯಂತ್ರ ಕಂಡುಹಿಡಿದದ್ದಲ್ಲ. ಮಾತು ಕಳೆದುಕೊಂಡವರ ಬಳಿ ಉಳಿದಿದ್ದ ಆಸ್ತಿ ಅದು. ಅಮೆರಿಕದಲ್ಲಿ ಈ ಹೊಸ ಸಂಗೀತವನ್ನು ಕಟ್ಟಿದವರೂ ಅದೇ ಆಫ್ರಿಕದಿಂದ ಹಾಗೆಯೇ ಹಡಗೇರಿಸಲ್ಪಟ್ಟವರ ಮೊಮ್ಮಕ್ಕಳು.

'ಪರದೇಶದ್ದು' ಎಂಬ ಮಾತಿಗೂ ಇಲ್ಲೇ ಉತ್ತರ ಕೊಟ್ಟು ಮುಗಿಸುತ್ತೇನೆ. 1982ರಲ್ಲಿ ಮುಂಬಯಿಯ ಚರಣ್‌ಜಿತ್ ಸಿಂಗ್, ಸಿನೆಮಾ ಹಾಡುಗಳಿಗೆ ವಾದ್ಯ ನುಡಿಸಿ ಬದುಕುತ್ತಿದ್ದವರು, ಜಪಾನಿನ ರೋಲ್ಯಾಂಡ್ ಕಂಪನಿಯ ಹೊಸ ಯಂತ್ರಗಳನ್ನು ಇಟ್ಟುಕೊಂಡು ಭೈರವ, ತೋಡಿ, ಮಾಲ್‌ಕೌಂಸ್ ಎಂದು ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ನುಡಿಸಿ ಒಂದು ರೆಕಾರ್ಡು ತಂದರು. ಆಗ ಯಾರೂ ಕೇಳಲಿಲ್ಲ. ಅದೇ ಯಂತ್ರದ ಅದೇ ಕೊರೆಯುವ ದನಿ ಕೆಲವು ವರ್ಷದ ಮೇಲೆ ಶಿಕಾಗೋದಲ್ಲಿ 'ಆ್ಯಸಿಡ್ ಹೌಸ್' ಎಂಬ ಹೆಸರಿನಲ್ಲಿ ಹುಟ್ಟಿ ಜಗತ್ತನ್ನೆಲ್ಲ ಕುಣಿಸಿತು. 2010ರಲ್ಲಿ ಮುದುಕರ ರೆಕಾರ್ಡು ಮತ್ತೆ ಅಚ್ಚಾಯಿತು, ಯುರೋಪಿನವರು ಅವರನ್ನು ಕರೆಸಿಕೊಂಡು ನುಡಿಸಲು ಕೇಳಿದರು. ಯಾವುದು ಯಾರ ದೇಶದ್ದು ಎಂದು ಬಿಡಿಸಲು ಕೂತರೆ ಗೋದಾಮು ಎಂಬ ಪದವನ್ನೂ ಬಿಡಿಸಬೇಕು. ಅದು ಈ ಕಡಲಿನ ಬಂದರುಗಳ ಮಾತು. ಇಂಗ್ಲಿಷರು ಇಲ್ಲಿಂದಲೇ ಕಲಿತುಕೊಂಡು ಹೋದರು. 1650ರವರೆಗೆ ಮಸ್ಕತ್ತಿನ ಕೋಟೆಗಳಲ್ಲಿದ್ದ ಪೋರ್ಚುಗೀಸರು ಉಂಡದ್ದು ನಮ್ಮ ಬಸ್ರೂರು, ಮಂಗಳೂರು ಕಡೆಯ ಅಕ್ಕಿ. ಟಿಪ್ಪು ಸುಲ್ತಾನ ಇಲ್ಲೊಂದು ವ್ಯಾಪಾರದ ಕೋಠಿಯನ್ನೇ ಇಟ್ಟಿದ್ದ. ನಾನು ಬಂದದ್ದು ಆ ಸಾಲಿನಲ್ಲಿ ಕೊನೆಯವನಾಗಿ.

ಈಗ ನಿಜವಾದ ಮಾತಿಗೆ ಬರುತ್ತೇನೆ.

'ಹೌಸ್' ಸಂಗೀತದ ಹೆಸರಿನಲ್ಲಿರುವ 'ಹೌಸ್' ಮನೆಯಲ್ಲ. 1977ರಲ್ಲಿ ಶಿಕಾಗೋದಲ್ಲಿ 'ದಿ ವೇರ್‌ಹೌಸ್' ಎಂಬ ಕ್ಲಬ್ ತೆರೆಯಿತು. ಅಲ್ಲಿ ಫ್ರ್ಯಾಂಕಿ ನಕಲ್ಸ್ ಎಂಬ ಕಪ್ಪು ಹುಡುಗ ರೆಕಾರ್ಡು ನುಡಿಸುತ್ತಿದ್ದ. ವೇರ್‌ಹೌಸಿನಲ್ಲಿ ಕೇಳಿಬರುವ ಸಂಗೀತ, ಅದು ಮೊಟಕಾಗಿ ಹೌಸ್ ಸಂಗೀತ. ಅಲ್ಲಿಗೆ ಬರುತ್ತಿದ್ದವರು ಹೆಚ್ಚಾಗಿ ಕಪ್ಪು ಮತ್ತು ಲ್ಯಾಟಿನೊ ಹುಡುಗರು, ಅವರಲ್ಲೂ ಬಹಳ ಮಂದಿ ಸಲಿಂಗಿಗಳು. ನಗರದ ಬೇರೆ ಕ್ಲಬ್ಬುಗಳ ಬಾಗಿಲಲ್ಲಿ ಬೇಡವಾದವರಿಗೆ ಆ ಗೋದಾಮಿನಲ್ಲಿ ಜಾಗ ಸಿಕ್ಕಿತ್ತು. ಡೆಟ್ರಾಯ್ಟಿನ ಟೆಕ್ನೋ ಕೂಡ, ಕಾರು ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಊರಿನ ಕಪ್ಪು ಹುಡುಗರು ಕಟ್ಟಿದ್ದು. ಬರ್ಲಿನ್ ಗೋಡೆ ಬಿದ್ದ ಮೇಲೆ, 1991ರಲ್ಲಿ, ಒಂದು ಹಳೆಯ ಅಂಗಡಿ ಸಂಕೀರ್ಣದ ನೆಲಮಾಳಿಗೆಯ ತಿಜೋರಿ ಕೋಣೆಯಲ್ಲಿ 'ಟ್ರೆಸರ್' ಶುರುವಾಯಿತು. ಇಂದಿನ ಅತಿ ಪ್ರಸಿದ್ಧ ಕ್ಲಬ್ಬು 'ಬರ್ಗೈನ್' ಇರುವುದು ಹಳೆಯ ವಿದ್ಯುತ್ ಸ್ಥಾವರದಲ್ಲಿ. ಎಲ್ಲ ಕಡೆಯೂ ಕಥೆ ಒಂದೇ: ಉದ್ಯೋಗ ಖಾಲಿ ಮಾಡಿ ಹೋದ ಕಟ್ಟಡಕ್ಕೆ, ಬೇರೆಲ್ಲೂ ಜಾಗವಿಲ್ಲದವರು ಬಂದು ಸೇರಿಕೊಂಡರು.

ಘಲಾದ ಗೋದಾಮು ಖಾಲಿಯಾಗಿರಲಿಲ್ಲ. ಖಾಲಿ ಮಾಡಿಸಿದ್ದರು.

ಅದು ನನಗೆ ಗೊತ್ತಿರುವುದು ಆ ಗೋದಾಮು ನಮ್ಮ ಪಕ್ಕದ ಸಾಲಿನದಾದ್ದರಿಂದ. ಬುಧವಾರ, ಗುರುವಾರ ಎರಡೂ ಹಗಲು ಅಲ್ಲಿನ ಹೆಲ್ಪರುಗಳು ಪ್ಯಾಲೆಟ್ ಇಳಿಸಿ, ಟ್ರೇಲರಿಗೆ ತುಂಬಿ, ರ‍್ಯಾಕ್ ಬಿಚ್ಚಿ, ನೆಲ ತೊಳೆದರು. ಗುರುವಾರ ನಾಲ್ಕೂವರೆಗೆ ಸೌಂಡ್ ಚೆಕ್ ಶುರುವಾಯಿತು. ಶಟರ್ ಮೇಲಿತ್ತು. ನಮ್ಮ ಲೋಡಿಂಗ್ ಬೇ ಕಡೆಗೆ ಪೂರ್ತಿ ಹಾಡು, ಗೋಡೆಯ ಅಡ್ಡಿಯಿಲ್ಲದೆ, ಎಲ್ಲ ದನಿಗಳ ಸಮೇತ ಬಂತು. ನಮ್ಮಲ್ಲಿ ಚಿತ್ತಗಾಂಗಿನ ಒಬ್ಬ ಹುಡುಗ ಇದ್ದಾನೆ, ಕೈಗಾಡಿಯ ಪ್ಯಾಲೆಟ್ ಜ್ಯಾಕ್ ಎಳೆಯುವವನು. ಖಾಲಿ ಜ್ಯಾಕಿನ ಹಿಡಿಯನ್ನು ಒಂದು ಕೈಯಲ್ಲಿ ಹಿಡಿದು, ಪೆಟ್ಟಿಗೆ ಸರಿಯಾಗಿ ಅದನ್ನು ಪೂರಾ ಒಂದು ಸುತ್ತು ತಿರುಗಿಸಿದ. ಇನ್ನೊಂದು ಸುತ್ತು. ಟ್ರಕ್ಕಿನ ಚಾಲಕ, ಪಠಾಣ, ಬಾನೆಟ್ಟಿನ ಮೇಲೆ ತಾಳ ಹಾಕಿದ. ಟೈಮ್‌ಶೀಟ್ ಹಿಡಿದು ನಿಂತಿದ್ದ ನಾನು ಮೇಲಧಿಕಾರಿಯ ಮುಖ ಮಾಡುವುದನ್ನು ಮರೆತೆ. ಐದು ನಿಮಿಷ ಇರಬೇಕು. ಆಮೇಲೆ ಆಚೆ ಯಾರೋ ಶಟರ್ ಎಳೆದರು. ಡಬ್ ಡಬ್ ಮಾತ್ರ ಉಳಿಯಿತು. ಹುಡುಗ ಜ್ಯಾಕ್ ಎಳೆದುಕೊಂಡು ಹೋದ.

ರಾತ್ರಿ ಆ ಸಾಲಿನಲ್ಲಿ ನಿಂತಾಗ ನಾನು ಮುಖಗಳನ್ನು ಎಣಿಸುತ್ತಿದ್ದೆ. ಒಮಾನಿ ಹುಡುಗ ಹುಡುಗಿಯರು, ಲೆಬನಾನಿನವರು, ಫಿಲಿಪೀನ್ಸಿನವರು, ಬಿಳಿಯರು, ನಮ್ಮ ಕಡೆಯ ಇಂಜಿನಿಯರುಗಳು, ಬ್ಯಾಂಕಿನವರು. ಇಷ್ಟು ದೇಶದವರು ಒಂದು ನೆಲದ ಮೇಲೆ ಒಬ್ಬರನ್ನೊಬ್ಬರು ತಳ್ಳದೆ ಕುಣಿದದ್ದನ್ನು ಈ ಊರಿನಲ್ಲಿ ನಾನು ಬೇರೆಲ್ಲೂ ಕಂಡಿಲ್ಲ. ನಮ್ಮ ಸಂಘಗಳ ರಾಜ್ಯೋತ್ಸವದಲ್ಲಿ ನಾವೇ, ಓಣಂನಲ್ಲಿ ಅವರೇ. ಈ ಸಂಗೀತದ ಪರವಾಗಿ ಹೇಳಬಹುದಾದ ಬಹು ದೊಡ್ಡ ಮಾತು ಅದು, ಅಳಿಯ ಅದನ್ನೇ ಹೇಳುತ್ತಾನೆ: "ಒಳಗೆ ಯಾರೂ ಯಾವ ದೇಶ ಅಂತ ಕೇಳುವುದಿಲ್ಲ ಮಾವ." ನಿಜ, ಒಳಗೆ ಕೇಳುವುದಿಲ್ಲ. ಕೇಳುವ ಕೆಲಸವನ್ನು ಬಾಗಿಲು ಆಗಲೇ ಮುಗಿಸಿರುತ್ತದೆ. 15 ರಿಯಾಲ್ ಎಂದರೆ ನಮ್ಮ ಹೆಲ್ಪರುಗಳಿಗೆ ಮೆಸ್ಸಿನ ಎಷ್ಟೋ ದಿನದ ಊಟ. ಅದನ್ನು ಹೇಗೋ ಹೊಂದಿಸಿದರೂ ಕೊಲ್ಲಿಯ ಬಾಗಿಲುಗಳಲ್ಲಿ ಬೇರೆ ಲೆಕ್ಕಗಳಿವೆ: ಜೋಡಿಗಳಿಗೆ ಮಾತ್ರ, ಒಂಟಿ ಗಂಡಸರಿಗೆ ಇಲ್ಲ, ಚಪ್ಪಲಿಗೆ ಇಲ್ಲ. ಹೆಣ್ಣುಮಕ್ಕಳಿಗೆ ಒಳಗೆ ತೊಂದರೆಯಾಗಬಾರದೆಂಬ ಕಾರಣ ಕೊಡುತ್ತಾರೆ. ಕಾರಣ ಸುಳ್ಳಲ್ಲ. ಆದರೆ ಅದನ್ನು ಹೊರುವವನು ಯಾವಾಗಲೂ ಲೇಬರ್ ಕ್ಯಾಂಪಿನವನೇ ಆಗಿರುತ್ತಾನೆ. ಸೂಟು ಹಾಕಿದ ಒಂಟಿ ಗಂಡಸನ್ನು ತಡೆದದ್ದನ್ನು ನಾನು ನೋಡಿಲ್ಲ.

ಬಾಗಿಲಲ್ಲಿ ಬೇಡವಾದವರು ಹುಟ್ಟಿಸಿದ ಸಂಗೀತ ಇಲ್ಲಿ ತನ್ನದೇ ಬಾಗಿಲು ಕಟ್ಟಿಕೊಂಡಿದೆ ಎಂಬುದು ನನ್ನ ತಕರಾರು. ಸಂಸ್ಕೃತಿ ಕಾಯುವವರ ತಕರಾರಿಗೂ ಇದಕ್ಕೂ ಸಂಬಂಧವಿಲ್ಲ. ಅವರಿಗೆ ಒಳಗೆ ಹೋದವರ ಚಿಂತೆ, ನನ್ನದು ಹೊರಗೆ ಉಳಿದವರದು.

ಟಿಕೆಟ್ಟಿಗೆ ಸಮರ್ಥನೆಯೂ ಉಂಟು. ಆ ಇಬ್ಬರ ವಿಮಾನ, ವೀಸಾ, ಹೋಟೆಲು, ಸ್ಪೀಕರುಗಳ ಬಾಡಿಗೆ, ಪರವಾನಗಿಯ ಓಡಾಟ, ಇವೆಲ್ಲ ಪುಕ್ಕಟೆ ಬರುವುದಿಲ್ಲ. ಹೋಟೆಲಿನ ಆವರಣದ ಕ್ಲಬ್ಬಾದರೆ ಮದ್ಯದ ಮಾರಾಟದಲ್ಲಿ ಖರ್ಚು ಹುಟ್ಟುತ್ತದೆ. ಈ ಗೋದಾಮಿನಲ್ಲಿ ಮದ್ಯವಿರಲಿಲ್ಲ. ಪರವಾನಗಿ ಇಲ್ಲದ ಕಡೆ ಸುರಿಯುವಂತಿಲ್ಲ. ಒಂದು ಮೂಲೆಯಲ್ಲಿ ಕೇರಳದ ಇಬ್ಬರು ಹುಡುಗರು ದೊಡ್ಡ ಪಾತ್ರೆಯಲ್ಲಿ ಕರಕ್ ಚಾಯ್ ಕುದಿಸುತ್ತಿದ್ದರು. ಅಮಲು ಏರದೆ ಈ ಕುಣಿತವಿಲ್ಲ ಎನ್ನುವವರು ನೋಡಬೇಕಿತ್ತು: ಏಲಕ್ಕಿ ಚಹಾ ಕುಡಿದು ಆರುನೂರು ಜನ ರಾತ್ರಿ ಎರಡರವರೆಗೆ ಕುಣಿದರು. ಲೋಕದಲ್ಲೆಲ್ಲ ಹೀಗೇ ಇರುತ್ತದೆ ಎಂದು ಹೇಳುವಷ್ಟು ಮುಗ್ಧ ನಾನಲ್ಲ. ಮಾತ್ರೆ ನುಂಗಿ ಸತ್ತವರ ಸುದ್ದಿ ಎಲ್ಲ ದೇಶದಿಂದಲೂ ಬರುತ್ತದೆ. ಆದರೆ ಪರವಾನಗಿ ಕೊಟ್ಟ ಜಾಗದಲ್ಲಿ ಹಿಂಬಾಗಿಲಿನ ಪೆಟ್ಟಿಗೆ ತೆಗೆಸಿ ಎಂದು ಹೇಳಲು ಒಬ್ಬ ಸಿಗುತ್ತಾನೆ. ಕದ್ದು ನಡೆಸುವ ಜಾಗದಲ್ಲಿ ಹೇಳುವವನೂ ಇಲ್ಲ, ಕೇಳುವವನೂ ಇಲ್ಲ. ಘೋಸ್ಟ್ ಶಿಪ್ಪಿಗೆ ಅಂಥ ಕಾರ್ಯಕ್ರಮ ನಡೆಸುವ ಪರವಾನಗಿ ಇರಲಿಲ್ಲ.

ರಾತ್ರಿಯನ್ನು ಕಂಡು ಹೆದರುವುದು ಆಳುವವರ ಹಳೆಯ ಚಾಳಿ. ಈ ಮಸ್ಕತ್ತಿನಲ್ಲಿಯೇ 1970ರವರೆಗೆ, ಸುಲ್ತಾನ್ ಸಈದ್ ಬಿನ್ ತೈಮೂರರ ಕಾಲದಲ್ಲಿ, ಸೂರ್ಯ ಮುಳುಗಿ ಮೂರು ಗಂಟೆಗೆ ಕೋಟೆಯ ಬಾಗಿಲು ಹಾಕುತ್ತಿದ್ದರು. ಅದಕ್ಕೆ ಮೊದಲು ಮಿರಾನಿ ಕೋಟೆಯ ಮೇಲಿನಿಂದ ನಗಾರಿ ಬಾರಿಸುತ್ತಿದ್ದರು, ಬಳಿಕ ತೋಪು ಹಾರುತ್ತಿತ್ತು. ಆಮೇಲೆ ಓಡಾಡುವವನು ಕೈಯಲ್ಲಿ ಲಾಟೀನು ಹಿಡಿದು, ತನ್ನ ಮುಖ ಕಾಣುವಂತೆ ನಡೆಯಬೇಕಿತ್ತು. ಮಸ್ಕತ್ತಿನ ರಾತ್ರಿಗೆ ಅಧಿಕೃತ ಸಂಗೀತವೆಂದರೆ ಅದು: ಎಲ್ಲರೂ ಮನೆ ಸೇರಿ ಎನ್ನುವ ನಗಾರಿ. ತಂದೆಯನ್ನು ಇಳಿಸಿ ಬಂದ ಸುಲ್ತಾನ್ ಕಾಬೂಸರಿಗೆ ಯುರೋಪಿನ ಶಾಸ್ತ್ರೀಯ ಸಂಗೀತದ ಹುಚ್ಚಿತ್ತು. 1985ರಲ್ಲಿ ರಾಯಲ್ ಒಮಾನ್ ಸಿಂಫನಿ ಆರ್ಕೆಸ್ಟ್ರಾ ಹುಟ್ಟಿತು. ಪಿಟೀಲು ಕಂಡೇ ಇರದ ಊರುಗಳ ಮಕ್ಕಳನ್ನು ಆರಿಸಿ ತಂದು ಸ್ವರದಿಂದ ಕಲಿಸಿದರು. 2011ರ ಅಕ್ಟೋಬರಿನಲ್ಲಿ ಅಮೃತಶಿಲೆಯ ರಾಯಲ್ ಒಪೆರಾ ಹೌಸ್ ತೆರೆಯಿತು, ಮೊದಲ ರಾತ್ರಿ ಪುಚ್ಚೀನಿಯ 'ತುರಂದೋತ್'. ಲಾಟೀನಿನಿಂದ ಒಪೆರಾದವರೆಗೆ 41 ವರ್ಷ. ಇದನ್ನು ನಾನು ವ್ಯಂಗ್ಯವಾಗಿ ಹೇಳುತ್ತಿಲ್ಲ. ಹೆಂಡತಿಯ ಜೊತೆ ಅಲ್ಲಿಗೆ ಮೂರು ಸಲ ಹೋಗಿದ್ದೇನೆ, ಕೋಟು ಹಾಕಿಕೊಂಡೇ, ಯಾಕೆಂದರೆ ಅಲ್ಲಿಯೂ ಉಡುಪಿನ ನಿಯಮವಿದೆ. ಆದರೆ ಇಟಲಿಯ ಹಾಡಿಗೆ ಅಮೃತಶಿಲೆ, ಝಾಂಝಿಬಾರಿನ ಡೋಲಿಗೆ ಮದುವೆಯ ಅಂಗಳ, ಶಿಕಾಗೋದ ತಾಳಕ್ಕೆ ತಗಡಿನ ಶೆಡ್ಡು ಎಂಬ ಹಂಚಿಕೆಯನ್ನು ಮಾಡಿದವರು ಯಾರು ಎಂದು ಕೇಳಿಕೊಳ್ಳುತ್ತೇನೆ. 'ಪರದೇಶದ್ದು' ಎಂಬ ಕಾರಣಕ್ಕಂತೂ ಮಾಡಿದ್ದಲ್ಲ. ಜರ್ಮನಿಯಲ್ಲಿ ಯಾವುದು ಸಂಸ್ಕೃತಿ ಎಂಬ ಈ ಪ್ರಶ್ನೆ ತೆರಿಗೆ ಕಚೇರಿಗೇ ಹೋಗಿ, 2016ರಲ್ಲಿ ಅಲ್ಲಿನ ನ್ಯಾಯಾಲಯ ಬರ್ಗೈನಿನ ಟಿಕೆಟ್ಟಿಗೆ ಸಂಗೀತ ಕಛೇರಿಯ ಕಡಿಮೆ ತೆರಿಗೆಯೇ ಸಾಕು ಎಂದಿತು. 19 ಪ್ರತಿಶತ ಇದ್ದರೆ ಮನರಂಜನೆ, 7 ಆದರೆ ಸಂಸ್ಕೃತಿ! 2024ರಲ್ಲಿ ಬರ್ಲಿನ್ ಟೆಕ್ನೋವನ್ನು ಆ ದೇಶದ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೂ ಸೇರಿಸಿದರು. ಮುಪ್ಪಾದ ಮೇಲೆ ಎಲ್ಲವೂ ಪರಂಪರೆ.

ನಿಷೇಧಿಸಲು ಹೊರಟವರ ಪಾಡು ಇನ್ನೂ ಮಜವಾಗಿದೆ. ಬ್ರಿಟನ್ 1994ರಲ್ಲಿ ತಂದ ಕಾಯ್ದೆಯಲ್ಲಿ, ಬಯಲಿನ ರೇವ್‌ಗಳನ್ನು ಹಿಡಿಯುವುದಕ್ಕಾಗಿ, ಮರುಕಳಿಸುವ ತಾಳದ ಸದ್ದನ್ನು ಕಾನೂನಿನ ಭಾಷೆಯಲ್ಲಿ ವ್ಯಾಖ್ಯಾನಿಸಬೇಕಾಯಿತು. ಆ ವ್ಯಾಖ್ಯೆಯನ್ನು ಓದಿದಾಗೆಲ್ಲ ನಮ್ಮ ಕರಾವಳಿಯ ಯಾವ ಕುಣಿತ ಅದರಿಂದ ತಪ್ಪಿಸಿಕೊಂಡೀತು ಅನ್ನಿಸುತ್ತದೆ. ಬೆಂಗಳೂರಿನಲ್ಲಿ 2005ರ ಪೊಲೀಸ್ ಆದೇಶವೊಂದರ ಬಲದಿಂದ ವರ್ಷಗಟ್ಟಲೆ ಕುಣಿಯುವುದೇ ಪರವಾನಗಿಯ ವಿಷಯವಾಯಿತು. ಸುಪ್ರೀಂ ಕೋರ್ಟ್ 2018ರಲ್ಲಿ ಆ ಆದೇಶವನ್ನು ಎತ್ತಿಹಿಡಿಯಿತು. ಮಂಗಳೂರಿನಲ್ಲಿ ಪರವಾನಗಿಯನ್ನೂ ಕಾಯದೆ 2009ರ ಜನವರಿಯಲ್ಲಿ ಪಬ್ಬಿಗೆ ನುಗ್ಗಿ ಹೆಣ್ಣುಮಕ್ಕಳನ್ನು ಹೊಡೆದರು. 2012ರಲ್ಲಿ ಪಡೀಲಿನ ಹೋಮ್‌ಸ್ಟೇಯಲ್ಲಿ ಮತ್ತೆ. ಆ ಎರಡು ದಿನವೂ ಇಲ್ಲಿ ಜೊತೆಯ ಒಮಾನಿಗಳು "ನಿಮ್ಮ ಊರಾ ಅದು?" ಎಂದು ಕೇಳಿದ್ದು, ನಾನು "ನಮ್ಮದು ಉಡುಪಿ ಕಡೆ, ಸ್ವಲ್ಪ ದೂರ" ಎಂದು ಜಾರಿಕೊಂಡದ್ದು ಇನ್ನೂ ಚುಚ್ಚುತ್ತದೆ.

ಕಟೀಲಿನ ಯಕ್ಷಗಾನದ ವಿಷಯ ಎತ್ತದೆ ನಮ್ಮವರ ಮುಂದೆ ಇದನ್ನೆಲ್ಲ ಹೇಳುವಂತಿಲ್ಲ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಬೇಡ ಎಂಬ 2000ದ ನಿಯಮಗಳ ಬಿಸಿ ತಟ್ಟಿ, 2022ರ ತಿರುಗಾಟದಲ್ಲಿ ಕಟೀಲಿನ ಆರೂ ಮೇಳಗಳು ಕಾಲಮಿತಿಗೆ ಇಳಿದವು. ಬೆಳಗಿನ ಜಾವದ ತನಕ ಆಡದಿದ್ದರೆ ಸೇವೆ ಹೇಗೆ ಪೂರ್ತಿಯಾಯಿತು ಎಂದು ಭಕ್ತರು ಕೇಳಿದರು, ಸಂಗತಿ ಹೈಕೋರ್ಟಿಗೂ ಹೋಯಿತು, 2024ರ ಜನವರಿಯಿಂದ ಮತ್ತೆ ಇಡೀ ರಾತ್ರಿ ಆಟ. ನಾನು ಸಂತೋಷಪಟ್ಟವರಲ್ಲಿ ಒಬ್ಬ. ನಮ್ಮ ಮಸ್ಕತ್ತಿನ ಬಳಗದ ವಾಟ್ಸ್ಆ್ಯಪ್ ಗುಂಪಿನಲ್ಲಿ ಆ ದಿನ ಪಟಾಕಿಯ ಚಿತ್ರಗಳು ಹರಿದಾಡಿದವು. ಅದೇ ಗುಂಪಿನಲ್ಲಿ ಒಂದು ವಾರ ಕಳೆದು, ಗೋವೆಯ ಯಾವುದೋ ಕಾರ್ಯಕ್ರಮದ ವಿಡಿಯೊ ಹಾಕಿ "ರಾತ್ರಿಯೆಲ್ಲ ಕುಣಿಯಲು ಇವರಿಗೆ ಮನೆ ಮಠ ಇಲ್ಲವಾ" ಎಂದು ಒಬ್ಬರು ಬರೆದರು. ದೇವರ ಸೇವೆ ಬೇರೆ, ಮೋಜು ಬೇರೆ ಎಂಬ ಉತ್ತರ ನನಗೆ ಗೊತ್ತಿದೆ, ಅದನ್ನು ತಳ್ಳಿಹಾಕುವುದೂ ಇಲ್ಲ. ಆದರೆ ಚಿಕ್ಕಂದಿನಲ್ಲಿ ಗೋಣಿ ಹಾಸಿಕೊಂಡು ಬಯಲಿನಲ್ಲಿ ಮಲಗಿ, ಮಹಿಷಾಸುರ ಬರುವಾಗ ಎಬ್ಬಿಸು ಅಂತ ಅಣ್ಣನಿಗೆ ಹೇಳಿ ನಿದ್ದೆ ಹೋಗುತ್ತಿದ್ದ ನಾನು ಸೇವೆಗೆ ಹೋಗುತ್ತಿದ್ದೆನೋ ಮೋಜಿಗೋ?

ಹರಕೆ ಬಯಲಾಟದ ಒಂದು ಗುಣವನ್ನು ಮಾತ್ರ ಯಾವ ಗೋದಾಮೂ ಈವರೆಗೆ ಕಲಿತಿಲ್ಲ. ಅಲ್ಲಿ ಟಿಕೆಟ್ಟಿಲ್ಲ. ಗದ್ದೆಗೆ ಬಾಗಿಲಿಲ್ಲ. ಆಟ ಆಡಿಸುವವನೇ ಖರ್ಚು ಹೊರುತ್ತಾನೆ, ಬಂದವರಿಗೆ ಊಟವನ್ನೂ ಹಾಕುತ್ತಾನೆ. ಹೀಗೆ ಬರೆದು ನಾನೇ ಎದೆಯುಬ್ಬಿಸಿಕೊಳ್ಳುವ ಮೊದಲು ಹೇಳಿಬಿಡಬೇಕು: ಊಟದ ಪಂಕ್ತಿ ಎಷ್ಟಿದ್ದವು, ಯಾರು ಎಲ್ಲಿ ಕೂರುತ್ತಿದ್ದರು ಎಂಬುದು ಆಗ ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ. ಗೋದಾಮಿನ ಬಾಗಿಲು ಕಾಣುವಂತಿದೆ, ಅಷ್ಟರ ಮಟ್ಟಿಗೆ ಪ್ರಾಮಾಣಿಕ.

ಅಳಿಯನೊಡನೆ ಇದನ್ನೆಲ್ಲ ವಾದಿಸಿದ್ದೇನೆ. "ನೀವು ಹೇಳಿದ ಹಾಗೆ ಮಾಡಲಿಕ್ಕೆ ಸರಕಾರವೇ ದುಡ್ಡು ಹಾಕಬೇಕು ಮಾವ" ಅನ್ನುತ್ತಾನೆ. ಹಾಕಲಿ, ಒಪೆರಾಕ್ಕೆ ಹಾಕಿಲ್ಲವಾ? ಅದು ಆಗದಿದ್ದರೆ ಕಾಸು ಖರ್ಚಿಲ್ಲದ ಒಂದು ದಾರಿ ನನಗೆ ತೋಚಿದೆ. ಸಂಜೆ ನಾಲ್ಕೂವರೆಯ ಸೌಂಡ್ ಚೆಕ್ ಹೇಗೂ ನಡೆಯುತ್ತದೆ. ಆ ಒಂದು ಗಂಟೆ ಶಟರ್ ಎಳೆಯಬೇಡಿ. ಆ ಹೊತ್ತಿಗೆ ಘಲಾದ ಅರ್ಧ ಜನ ಕೆಲಸ ಬಿಟ್ಟಿರುತ್ತಾರೆ, ಕ್ಯಾಂಪಿನ ಬಸ್ಸು ಬರುವುದು ಐದೂವರೆಗೆ. ಅಳಿಯ ನಕ್ಕ, ಸಂಘಟಕರಿಗೆ ಹೇಳುತ್ತೇನೆ ಅಂದ. ಹೇಳಿದನೋ ಇಲ್ಲವೋ.

ಆ ರಾತ್ರಿ ಎರಡಕ್ಕೆ ಸರಿಯಾಗಿ ಟ್ಯೂಬ್‌ಲೈಟು ಹಾಕಿದರು. ಹಳದಿ ಗೆರೆಗಳು ಮತ್ತೆ ಕಂಡವು. ಮಕ್ಕಳೆಲ್ಲ ಒಮ್ಮೆಲೇ ಎಚ್ಚರಾದವರಂತೆ ಜಾಕೆಟು ಹುಡುಕಿದರು. ಕಿವಿಯೊಳಗೆ ಜೀರುಂಡೆ ಕೂತಿತ್ತು ನನಗೆ. ಹೊರಗೆ ಗೇಟಿನ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾವಲಿನವನು ಮಫ್ಲರ್ ಸುತ್ತಿ ಕೂತಿದ್ದ. ಬೀದರ್ ಕಡೆಯವನು, ದಿನಾ ಬೆಳಿಗ್ಗೆ ಮಾತಾಡಿಸುವ ಪರಿಚಯ. ಸಂಜೆ ಆರಕ್ಕೆ ಡ್ಯೂಟಿಗೆ ಬಂದವನು ಎಂಟು ಗಂಟೆ ಅಲ್ಲೇ, ಗೋಡೆಗೆ ಬೆನ್ನು ಕೊಟ್ಟು. ನನ್ನನ್ನು ಆ ಗುಂಪಿನಲ್ಲಿ ಕಂಡು ಅವನಿಗೆ ನಗು.

"ಏನ್ರೀ ಸರ, ನೀವೂ ಒಳಗಿದ್ರೇನು?"

ಹೂಂ ಅಂದೆ.

"ಒಳಗ ಹಾಡೂ ಇರ್ತಾವೇನ್ರೀ? ಇಲ್ಲಿ ಬರೇ ಧಡ್ ಧಡ್ ಅಷ್ಟ ಕೇಳ್ತಿತ್ತು. ಕುರ್ಚಿ ಸುದ್ದಾ ನಡಗ್ತಿತ್ತು ನೋಡ್ರಿ."

ಇರುತ್ತವೆ ಅಂದೆ. ಒಂದರಲ್ಲಿ ಒಬ್ಬ ಹೆಂಗಸಿನ ದನಿ ಇತ್ತು, ಯಾವ ಭಾಷೆ ಅಂತ ಗೊತ್ತಾಗಲಿಲ್ಲ ಅಂದೆ. ಅವನು ಫೋನು ತೆಗೆದು, "ಹೆಸರ್ ಹೇಳ್ರಿ, ಹಚ್ಚಿ ನೋಡತೀನಿ" ಅಂದ. ನನಗೆ ಹೆಸರು ಗೊತ್ತಿರಲಿಲ್ಲ. ಅಳಿಯನನ್ನು ಕರೆದೆ. ಅವನು ಬಂದು ಕುರ್ಚಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಹುಡುಕತೊಡಗಿದ.